ಎರಡು ಬೆರಳು ಮೇಲೆ ನಿಂತ ಸ್ಟೇರಿಂಗು

ರಘೂತ್ತಮ ನಂಜನಗೂಡಿನ ಹೈಸ್ಕೂಲೊಂದರಲ್ಲಿ ಇಪ್ಪತ್ತಮೂರು ವರ್ಷದಿಂದ ಸಂಸ್ಕೃತ ಹೇಳಿಕೊಡುತ್ತಿದ್ದ. ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ ತಾನೇ ಸಾರಿ ಅನ್ನುವಂಥವನು. ಹೋಟೆಲಿನಲ್ಲಿ ಕಾಫಿ ತಣ್ಣಗೆ ಬಂದರೆ ತಣ್ಣಗೇ ಕುಡಿದು ಏಳುತ್ತಿದ್ದ. ಇಂಥವನು ಐವತ್ತರ ಹತ್ತಿರ ಬಂದು ಒಂದು ಹಳೇ ಜೀಪು ತಂದುಕೊಂಡ ಅಂದಾಗ ನೆಂಟರಿಗೆಲ್ಲ ಆಶ್ಚರ್ಯವಾಯಿತು.

ಜೀಪು ಅವನ ಸೋದರಮಾವ ಚಕ್ರಪಾಣಿಯವರದು, ಅರವತ್ತೆರಡನೇ ಇಸವಿಯ ಗಾಡಿ. ದೇವನೂರಿನ ಹೊಲದ ಮನೆ ಬಿಟ್ಟು ಮೈಸೂರಿಗೆ ಹೊರಟಾಗ ಮಾವ ಅದನ್ನು ಗುಜರಿಗೆ ಹಾಕುವವರಿದ್ದರು. ರಘೂತ್ತಮ ತಾನಿಟ್ಟುಕೊಳ್ಳುತ್ತೇನೆ ಅಂದ. ಹದಿನೇಳನೇ ವಯಸ್ಸಿನಲ್ಲಿ ಅವನು ಡ್ರೈವಿಂಗ್ ಕಲಿತದ್ದು ಅದರಲ್ಲೇ. ಅದು ಬಿಟ್ಟರೆ ಬೇರೆ ಕಾರಣ ಅವನಿಗೂ ಗೊತ್ತಿರಲಿಲ್ಲ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಡತಿ ಪ್ರಿಯಂವದಾ ಜೀಪಿನ ಸುತ್ತ ಒಮ್ಮೆ ಓಡಾಡಿ, ಒಳಗೆ ಹುತ್ತ ಎದ್ದಿಲ್ಲವಲ್ಲ, ಅಷ್ಟೇ ಪುಣ್ಯ ಎಂದಳು.

ಬಾಡಿ ಪೂರ್ತಿ ತುಕ್ಕು ತಿಂದಿತ್ತು. ಎಂಜಿನ್ನೂ ಸ್ಟೇರಿಂಗ್ ಬಾಕ್ಸೂ ಕೆಟ್ಟು ಕೂತಿದ್ದವು. ಹಳೇ ಜೀಪಿನ ಸ್ಟೇರಿಂಗ್ ಬಾಕ್ಸ್ ಬಿಚ್ಚಿ ಜೋಡಿಸಬಲ್ಲವನು ಆ ಕಡೆಗೆಲ್ಲ ಟಿ. ನರಸೀಪುರದ ಬೋರಯ್ಯ ಒಬ್ಬನೇ ಎಂದು ನಾಲ್ಕು ಜನ ಹೇಳಿದರು. ತಗಡಿನ ಕೆಲಸಕ್ಕೆ ನಂಜನಗೂಡಿನ ಊಟಿ ರಸ್ತೆಯಲ್ಲಿ ಶೆಡ್ಡು ಹಾಕಿಕೊಂಡಿದ್ದ ಕವಲಂದೆಯ ನಂಜೇಶನೇ ಸರಿ ಎಂದು ಅದೇ ನಾಲ್ಕು ಜನ ಹೇಳಿದರು. ಈ ಇಬ್ಬರೂ ಒಂದು ಕಾಲಕ್ಕೆ ಒಂದೇ ಶೆಡ್ಡಿನಲ್ಲಿ ಪಾಲುದಾರರಾಗಿದ್ದವರು, ಹದಿನೆಂಟು ವರ್ಷದಿಂದ ಮಾತು ಬಿಟ್ಟವರು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಗೊತ್ತಿರುತ್ತೆ ಅಂದುಕೊಂಡರೋ ಏನೋ.

ಹೀಗಾಗಿ ಜೀಪು ಮೊದಲು ನರಸೀಪುರಕ್ಕೆ ಹೋಯಿತು. ಬೋರಯ್ಯ ಎಂಜಿನ್ ಸರಿಮಾಡಿ, ಸ್ಟೇರಿಂಗ್ ಬಾಕ್ಸನ್ನು ಅಡಿಯ ಚೌಕಟ್ಟಾದ ಚಾಸಿಗೆ ಕೂರಿಸಿ, ಬಾಡಿಯಿಲ್ಲದ ಬರೀ ಅಸ್ಥಿಪಂಜರವನ್ನು ಲಾರಿಗೆ ಹತ್ತಿಸಿ ಕಳಿಸಿದ. ನಂಜೇಶ ಅದರ ಮೇಲೆ ಹೊಸ ಬಾಡಿ ಕಟ್ಟಿ ಹಸಿರು ಬಣ್ಣ ಹೊಡೆದ. ಕೊನೆಗೆ ಉಳಿದದ್ದು ಒಂದೇ ಕೆಲಸ. ಸ್ಟೇರಿಂಗ್ ಬಾಕ್ಸಿನಿಂದ ಓರೆಯಾಗಿ ಮೇಲೆ ಬರುವ ಉದ್ದನೆಯ ಕೊಳವೆ ಕಾಲಿಡುವ ತಗಡಿನ ತೂತಿನೊಳಗಿಂದ ಹಾದು, ಡ್ಯಾಶ್‌ಬೋರ್ಡಿನ ಕೆಳಗಿರುವ ಬ್ರಾಕೆಟ್ಟಿಗೆ ಬಂದು ಕೂರಬೇಕು. ಅದು ಕೂರಲಿಲ್ಲ. ಕೂರಬೇಕಾದ ಜಾಗಕ್ಕಿಂತ ಎರಡು ಬೆರಳು ಮೇಲೆ ನಿಂತಿತ್ತು.

ನಂಜೇಶ ಕೊಳವೆಯ ಮೇಲೆ ಮೊಣಕಾಲೂರಿ ಕೆಳಗೆ ಒತ್ತಿ ಹಿಡಿದು ಬೋಲ್ಟು ಬಿಗಿದ. ಕೂತಿತು. ಆದರೆ ಸ್ಟೇರಿಂಗ್ ಚಕ್ರ ತಿರುಗಿಸಲು ಹೋದರೆ ರಾಗಿ ಬೀಸುವ ಕಲ್ಲು ತಿರುಗಿಸಿದ ಹಾಗಿತ್ತು. ಎಡಕ್ಕೆ ತಿರುಗಿಸಿದರೆ ಅಲ್ಲೇ ಕಚ್ಚಿಕೊಳ್ಳುತ್ತಿತ್ತು.

ಇದು ಹೀಗೇ ಇರಬೇಕಾ ಎಂದು ರಘೂತ್ತಮ ಮೆಲ್ಲಗೆ ಕೇಳಿದ. ನಂಜೇಶ ಅವನ ಮುಖ ನೋಡಲಿಲ್ಲ, ಕೈ ನೋಡಿದ. ಸೀಮೆಸುಣ್ಣ ಹಿಡಿಯುವ ಕೈಗೆ ಜೀಪು ಭಾರವೇ ಆಗುತ್ತೆ ಅಂದ. ಆಮೇಲೆ ಚಾಸಿ ಕೆಲಸ ಯಾರದು ಎಂದು ಕೇಳಿದ. ಬೋರಯ್ಯನ ಹೆಸರು ಕಿವಿಗೆ ಬಿದ್ದದ್ದೇ ಕೈಯಲ್ಲಿದ್ದ ಸ್ಪ್ಯಾನರನ್ನು ಡಬ್ಬಕ್ಕೆ ಎಸೆದ.

"ಮೊದ್ಲೇ ಏಳ್ಬಾರ್ದಾ ಸಾ. ಬಾಕ್ಸ್‌ನ ಸೊಟ್ಟಕ್ ಕೂರ್ಸವ್ನೆ. ಅವ್ನು ಎತ್ತಿನ ಗಾಡಿಗೆ ಕೀಲೆಣ್ಣೆ ಬಿಡಕ್ಕೆ ಸರಿ, ಇದ್ಕಲ್ಲ. ಓಗಿ ಏಳಿ, ನಂಜೇಶ ಇಂಗಂದ ಅಂತ."

ರಘೂತ್ತಮ ಬಸ್ಸು ಹತ್ತಿ ನರಸೀಪುರಕ್ಕೆ ಹೋದ. ಬಸ್ ನಿಲ್ದಾಣದ ಹಿಂದೆ ಬೇವಿನ ಮರದಡಿ ಬೋರಯ್ಯನ ಶೆಡ್ಡು. ನಂಜೇಶ ಅಂದದ್ದನ್ನು ರಘೂತ್ತಮ ಹಾಗೇ ಹೇಳಲಿಲ್ಲ. ದಾರಿಯುದ್ದಕ್ಕೂ ಯೋಚಿಸಿ, ಬಾಕ್ಸು ಸ್ವಲ್ಪ ಓರೆಯಾಗಿ ಕೂತಿರಬಹುದೇನೋ ಅಂತ ಅವರಿಗೊಂದು ಅನುಮಾನ, ತಾವು ಒಮ್ಮೆ ನೋಡಿದರೆ ಒಳ್ಳೆಯದಿತ್ತು ಎಂದು ವಿನಯದ ಮಾತು ಹೊಂದಿಸಿಕೊಂಡಿದ್ದ. ಬೋರಯ್ಯ ಕಾರ್ಬುರೇಟರ್ ಒಂದನ್ನು ಊದುತ್ತಾ ಎಲ್ಲ ಕೇಳಿಸಿಕೊಂಡ.

"ಕಂಬ ನೆಟ್ಟಗೇ ಅದೆ ಸಾ. ಮನೇನೇ ಸೊಟ್ಟ ಕಟ್ಟವ್ನೆ. ತಗಡು ಬಡಿಯೋನಿಗೆ ಲೆವೆಲ್ಲು ಅಂದ್ರೇನು ಗೊತ್ತದಾ?"

ಅದನ್ನು ರಘೂತ್ತಮ ನಂಜನಗೂಡಿಗೆ ತಂದು, ಬಾಡಿಯ ಮಟ್ಟ ಇನ್ನೊಮ್ಮೆ ನೋಡಿದರೆ ಹೇಗೆ ಅಂತ ಅವರ ಸಲಹೆ ಎಂದು ಹೇಳಿದ. ನಂಜೇಶ ನೆಲದ ತಗಡಿನ ತೂತನ್ನು ಅರೆದು ಅಗಲ ಮಾಡಿದ. ಬಿಗಿ ಕಡಿಮೆಯಾಗಲಿಲ್ಲ. ಬ್ರಾಕೆಟ್ಟು ಕತ್ತರಿಸಿ ಬೇರೆ ಬೆಸುಗೆ ಹಾಕುತ್ತೇನೆ ಅಂದ. ರಘೂತ್ತಮ ಮತ್ತೆ ಬಸ್ಸು ಹತ್ತಿದ. ಬ್ರಾಕೆಟ್ಟು ಮುಟ್ಟಿದರೆ ಆ ಜೀಪನ್ನು ತನ್ನ ಶೆಡ್ಡಿನ ಮುಂದೆ ತರಬೇಡಿ ಎಂದು ಬೋರಯ್ಯ ಹೇಳಿಕಳಿಸಿದ. ಮೂರು ವಾರ ಹೀಗೇ ನಡೆಯಿತು. ಮೂವತ್ತು ಚಿಲ್ಲರೆ ಕಿಲೋಮೀಟರ್ ಆ ಕಡೆಯಿಂದ ಈ ಕಡೆಗೆ ಬೈಗುಳ ಹೊತ್ತು, ದಾರಿಯಲ್ಲಿ ಅದನ್ನು ತೊಳೆದು ಮಡಿ ಮಾಡಿ ಒಪ್ಪಿಸುವುದೇ ಅವನ ಭಾನುವಾರದ ಕೆಲಸವಾಯಿತು. ಅವರಿಬ್ಬರೂ ಅವನ ವಿನಯ ಕಂಡು ಇನ್ನಷ್ಟು ಹಗುರವಾಗಿ ಮಾತಾಡತೊಡಗಿದರು. ಒಮ್ಮೆ ಬೋರಯ್ಯ ಅವನೆದುರೇ ಇನ್ನೊಬ್ಬ ಗಿರಾಕಿಗೆ, ಇವರು ನಂಜೇಶನ ಪೋಸ್ಟ್‌ಮ್ಯಾನು ಎಂದು ಪರಿಚಯ ಮಾಡಿಕೊಟ್ಟ. ರಘೂತ್ತಮ ನಕ್ಕು ನಮಸ್ಕಾರ ಮಾಡಿದ.

ಗಾಡಿ ಇಲ್ಲಿಗೇ ತನ್ನಿ, ಕಣ್ಣಾರೆ ನೋಡ್ತೀನಿ ಎಂದು ಬೋರಯ್ಯ ಕಡೆಗೊಮ್ಮೆ ಹೇಳಿದ. ಸ್ಟೇರಿಂಗು ಕಚ್ಚುತ್ತಲ್ಲ, ಅಷ್ಟು ದೂರ ಹೇಗೆ ತರುವುದು ಎಂದು ಫೋನಿನಲ್ಲಿ ಕೇಳಿದ್ದಕ್ಕೆ, ಕೈಯಲ್ಲಿ ತಾಕತ್ತಿದ್ದರೆ ಬರುತ್ತೆ ಎಂಬ ಉತ್ತರ ಬಂತು.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ರಘೂತ್ತಮ ಒಬ್ಬನೇ ಜೀಪು ತೆಗೆದುಕೊಂಡು ಹೊರಟ. ಸುತ್ತೂರಿನವರೆಗೂ ನಿಧಾನಕ್ಕೆ, ಎರಡೂ ಕೈಯಲ್ಲಿ ಎಳೆದು ಎಳೆದು ತಿರುಗಿಸುತ್ತಾ ಹೋದ. ಅಂಗಿ ಬೆವರಿನಲ್ಲಿ ನೆನೆದಿತ್ತು. ಸುತ್ತೂರು ದಾಟಿ ಸ್ವಲ್ಪ ದೂರದಲ್ಲಿ ರಸ್ತೆ ಎಡಕ್ಕೆ ತಿರುಗುತ್ತದೆ. ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಬಿಡಲಿ ಎಂದು ಅಲ್ಲಿ ಯಾರೋ ಅರ್ಧ ರಸ್ತೆಗೆ ಹುರುಳಿ ಹರಡಿದ್ದರು. ಎಡಕ್ಕೆ ತಿರುಗಿಸಿದವನಿಗೆ ವಾಪಸ್ ಬಲಕ್ಕೆ ತರಲು ಆಗಲಿಲ್ಲ. ಸ್ಟೇರಿಂಗು ಕಚ್ಚಿಕೊಂಡಿತು. ಬ್ರೇಕ್ ಒತ್ತಿದರೂ ಜೀಪು ಹುರುಳಿ ಸೊಪ್ಪಿನ ಮೇಲೆ ಜಾರಿ, ರಸ್ತೆ ಬದಿಯ ಹುಲ್ಲಿನ ಮೆದೆಗೆ ನುಗ್ಗಿ ನಿಂತಿತು.

ಮೆದೆಯ ಪಕ್ಕದಲ್ಲೇ, ಮೊರ ಹಿಡಿದು ಕಾಳು ಕೇರುತ್ತಾ ಒಬ್ಬ ಮುದುಕಿ ಕೂತಿದ್ದಳು. ಬಂಪರಿಗೂ ಅವಳಿಗೂ ಒಂದು ಮೊಳ ಅಂತರ ಇದ್ದಿರಬಹುದು. ರಘೂತ್ತಮ ಜೀಪಿನಿಂದ ಕೆಳಗಿಳಿದ. ಸಾಕಮ್ಮ ಎಂಬ ಆ ಮುದುಕಿ ಕಿರುಚಲಿಲ್ಲ, ಏಳಲೂ ಇಲ್ಲ. ಮೊರವನ್ನು ಮಡಿಲಲ್ಲಿಟ್ಟುಕೊಂಡು ಅವನನ್ನು ತಲೆಯಿಂದ ಕಾಲವರೆಗೆ ನೋಡಿದಳು.

"ಓದ್ದೋನ್ ಕಂಡಂಗ್ ಕಾಣ್ತೀಯ. ತಿರುಗ್ಸಕ್ ಬರ್ದಿದ್ ಗಾಡಿನ ರೋಡ್ಗ್ಯಾಕ್ ತಂದ್ಯಪ್ಪ?"

ಅವನ ಬಾಯಲ್ಲಿ ಎಂದಿನಂತೆ ಸಾರಿ ಬಂತು. ಅದು ಎಷ್ಟು ಸಣ್ಣ ಮಾತು ಎಂಬುದು ಅವನಿಗೆ ಮೊದಲ ಸಲ ಹೊಳೆಯಿತು. ಸಾಕಮ್ಮನಿಗೂ ಹೊಳೆದಿರಬೇಕು. ಅವಳು ಮುಖ ತಿರುಗಿಸಿ ಮತ್ತೆ ಕೇರತೊಡಗಿದಳು. ಹುಲ್ಲನ್ನೆಲ್ಲ ಮೆದೆಗೆ ಎತ್ತಿ ಹಾಕಿ, ಚೆಲ್ಲಿದ ಕಾಳನ್ನು ಕೈಯಲ್ಲೇ ಗುಡಿಸಿ ಕೊಟ್ಟು ಅವನು ಹೊರಡುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು.

ನರಸೀಪುರದಲ್ಲಿ ಬೋರಯ್ಯ ಟೀ ಕುಡಿಯುತ್ತಿದ್ದ. ಆವತ್ತು ರಘೂತ್ತಮ ಏನನ್ನೂ ಮಡಿ ಮಾಡಲಿಲ್ಲ. ಎತ್ತಿನ ಗಾಡಿಗೆ ಕೀಲೆಣ್ಣೆ ಬಿಡುವ ಮಾತಿನಿಂದ ಹಿಡಿದು ಮೂರು ವಾರದಲ್ಲಿ ನಂಜೇಶ ಅಂದದ್ದೆಲ್ಲವನ್ನೂ ಅಕ್ಷರ ಬಿಡದೆ ಒಪ್ಪಿಸಿದ. ದಾರಿಯಲ್ಲಿ ಆದದ್ದನ್ನೂ ಹೇಳಿದ. ಬೋರಯ್ಯ ಲೋಟ ಕೆಳಗಿಟ್ಟು ಎದ್ದು ಬಂದು, ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಬ್ರಾಕೆಟ್ಟಿನ ಎರಡು ಬೋಲ್ಟು ಬಿಚ್ಚಿದ. ಕೊಳವೆ ಚಂಗನೆ ಎರಡು ಬೆರಳು ಮೇಲೆದ್ದಿತು. ಬೋರಯ್ಯ ತೋರುಬೆರಳೊಂದರಲ್ಲೇ ಚಕ್ರವನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದ.

"ನೋಡ್ಕಳಿ. ನಂದ್ರಲ್ಲಿ ತಪ್ಪಿದ್ರೆ ಇಂಗ್ ತಿರುಗ್ತದಾ?"

ಹಾಗಾದರೆ ತಪ್ಪು ಎಲ್ಲಿದೆ ಎಂದು ರಘೂತ್ತಮ ಕೇಳಿದ. ಬೋರಯ್ಯ ಬಗ್ಗಿ ಬಾಡಿಯ ಅಡಿಯನ್ನು ಒಂದು ಕ್ಷಣ ನೋಡಿ, ನಕ್ಕು, ಕೈ ಒರೆಸಿಕೊಂಡ. ಎಲ್ಲಿದೆ ಅಂತ ತನಗೆ ಗೊತ್ತಾಯಿತು, ಆದರೆ ಹೇಳುವುದಿಲ್ಲ ಅಂದ. ತಾನು ಹೇಳಿದರೆ ನಂಜೇಶ ಕಲಿತುಕೊಳ್ಳುತ್ತಾನೆ, ಅವನಿಗೆ ಇನ್ನು ಹೊಸದಾಗಿ ಏನೂ ಕಲಿಸುವುದಿಲ್ಲ ಎಂದು ಹದಿನೆಂಟು ವರ್ಷದ ಹಿಂದೆಯೇ ತೀರ್ಮಾನ ಮಾಡಿದ್ದಾನಂತೆ.

ರಘೂತ್ತಮ ಅವನನ್ನೇ ನೋಡಿದ. ಒಬ್ಬ ಮುದುಕಿ ಸಾಯಬೇಕಿತ್ತು, ಒಂದು ಮೊಳದಲ್ಲಿ ಉಳಿದಳು ಎಂದು ಈಗಷ್ಟೇ ಹೇಳಿದ್ದ. ಅದು ಈ ಮನುಷ್ಯನ ಕಿವಿಯೊಳಗೆ ಹೋಗಿಯೇ ಇರಲಿಲ್ಲ. ತನ್ನೊಳಗೆ ಏನೋ ಒಂದು ತಣ್ಣಗೆ ಗಟ್ಟಿಯಾದದ್ದು ರಘೂತ್ತಮನಿಗೆ ಗೊತ್ತಾಯಿತು. ಕೋಪ ಅಂದುಕೊಂಡ. ಕೋಪವಾಗಿರಲಿಲ್ಲ. ಶೆಡ್ಡಿನ ಮೂಲೆಯಲ್ಲಿದ್ದ ಸೈಕಲ್ ಟ್ಯೂಬೊಂದನ್ನು ಕೇಳದೆಯೇ ಎತ್ತಿಕೊಂಡು, ಎದ್ದು ನಿಂತ ಕೊಳವೆಯನ್ನು ಇದ್ದಲ್ಲೇ ಬ್ರಾಕೆಟ್ಟಿಗೆ ಸುತ್ತಿ ಕಟ್ಟಿ, ಹೋಗಿ ಬರುತ್ತೇನೆ ಅನ್ನದೆ ಹೊರಟುಬಂದ.

ಮಾರನೇ ದಿನ ಸ್ಕೂಲಿಗೆ ರಜೆ ಹಾಕಿದ. ಅಂಗಳದಲ್ಲಿ ಹಳೇ ಚಾಪೆ ಹಾಸಿ, ಟಾರ್ಚು, ಮಕ್ಕಳ ಅಡಿಪಟ್ಟಿ ಹಿಡಿದು ಜೀಪಿನ ಕೆಳಗೆ ನುಗ್ಗಿದ. ಕೆಲಸಕ್ಕೆ ಹೊರಟಿದ್ದ ಪ್ರಿಯಂವದಾ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ಸೆರಗು ಸಿಕ್ಕಿಸಿಕೊಂಡು ಬಂದು ಪಕ್ಕದಲ್ಲಿ ಕೂತಳು.

ನೆಲದ ತಗಡಿನ ತೂತನ್ನು ಅವನು ಮೊದಲು ನೋಡಿದ. ಅರೆದು ಅಗಲ ಮಾಡಿದ್ದರೂ ಕೊಳವೆ ತೂತಿನ ಮೇಲಂಚಿಗೇ ಒರಗಿತ್ತು. ಅಲ್ಲಿ ಬಣ್ಣ ಕಿತ್ತು ಕಬ್ಬಿಣ ಹೊಳೆಯುತ್ತಿತ್ತು. ಕೆಳಂಚಿನ ಬಣ್ಣ ಹೊಸದಾಗಿಯೇ ಇತ್ತು. ಅಂದರೆ ಕೊಳವೆ ಮೇಲೆ ಎದ್ದಿದೆ, ಇಲ್ಲವೇ ತಗಡು ಕೆಳಗೆ ಇಳಿದಿದೆ. ಬೋರಯ್ಯನ ಬಾಕ್ಸು ಚಾಸಿಯ ಮೇಲೆ ಹಳೇ ತೂತುಗಳಲ್ಲೇ ಕೂತಿತ್ತು, ಅದು ಏಳುವಂತಿರಲಿಲ್ಲ. ಅವನು ಹಿಂದಕ್ಕೆ ತೆವಳಿ, ಬಾಡಿಗೂ ಚಾಸಿಗೂ ಮಧ್ಯದ ಸಂದಿಗೆ ಟಾರ್ಚು ಬಿಟ್ಟ. ಹಿಂದುಗಡೆ ಎರಡೂ ಪಕ್ಕ ದಪ್ಪ ರಬ್ಬರಿನ ತುಂಡಿನ ಮೇಲೆ ಬಾಡಿ ಕೂತಿತ್ತು. ಅಡಿಪಟ್ಟಿ ಸಂದಿಗೆ ಹಿಡಿದು ಓದಲು ಹೆಂಡತಿಗೆ ಹೇಳಿದ. ಹಿಂದೆ ಮೂವತ್ತು ಮಿಲಿಮೀಟರ್ ಎಂದಳು. ಮುಂದಕ್ಕೆ ಬಂದಳು.

"ಇಲ್ಲಿ ಸಂದೀನೇ ಇಲ್ಲ ಕಣ್ರೀ. ಪಟ್ಟಿ ಹೋಗಲ್ಲ."

ಮುಂದುಗಡೆ ರಬ್ಬರೇ ಇರಲಿಲ್ಲ. ಬಾಡಿಯನ್ನು ನೇರವಾಗಿ ಚಾಸಿಯ ಕಬ್ಬಿಣದ ಮೇಲೆ ಕೂರಿಸಿ ಬೋಲ್ಟು ಬಿಗಿದಿತ್ತು. ಇಡೀ ಬಾಡಿ ಮುಂದಕ್ಕೆ ಬಾಗಿ ನಿಂತಿತ್ತು. ಅದರ ಜೊತೆಗೆ ಡ್ಯಾಶ್‌ಬೋರ್ಡೂ ಬ್ರಾಕೆಟ್ಟೂ ಕೆಳಗಿಳಿದಿದ್ದವು. ಕೊಳವೆ ತನ್ನ ಜಾಗದಲ್ಲೇ ಇತ್ತು. ಮೂರು ವಾರದಿಂದ ತಾನು ಹೊತ್ತು ತಿರುಗಿದ ಇಬ್ಬರ ಪಾಂಡಿತ್ಯವೂ ಮಕ್ಕಳ ಅಡಿಪಟ್ಟಿಯ ಮುಂದೆ ಐದು ನಿಮಿಷ ನಿಲ್ಲಲಿಲ್ಲ ಎಂದು ರಘೂತ್ತಮನಿಗೆ ಮಲಗಿದಲ್ಲೇ ನಗು ಬಂತು. ಆ ತಾತ್ಸಾರದ ನಗು ಪ್ರಿಯಂವದಾಳಿಗೆ ಹಿಡಿಸಲಿಲ್ಲ. ಕೈ ತೊಳೆದುಕೊಂಡು ಕೆಲಸಕ್ಕೆ ಹೋದಳು.

ಹನ್ನೊಂದಕ್ಕೆ ಅವನು ನಂಜೇಶನ ಶೆಡ್ಡಿನಲ್ಲಿದ್ದ. ಮುಂದುಗಡೆ ರಬ್ಬರು ಯಾಕಿಲ್ಲ ಎಂದು ಕೇಳಿದ. ನಂಜೇಶ ಮೊದಲು ಹೊಸ ರಬ್ಬರು ಸಿಗಲಿಲ್ಲ ಅಂದ. ಆಮೇಲೆ ಮುಂದಕ್ಕೆ ಅದು ಬೇಕಿಲ್ಲ ಅಂದ. ರಘೂತ್ತಮ ಕೇಳಿದ್ದನ್ನೇ ಮೂರನೇ ಸಲ, ಅದೇ ದನಿಯಲ್ಲಿ ಕೇಳಿದಾಗ ನಿಜ ಹೊರಬಂತು. ಮುಂದಿನ ತಗಡನ್ನು ಅವನು ಅಳತೆಗಿಂತ ಗಿಡ್ಡ ಕತ್ತರಿಸಿಬಿಟ್ಟಿದ್ದ. ರಬ್ಬರು ಇಟ್ಟು ಎತ್ತರಿಸಿದರೆ ಬಾನೆಟ್ಟಿನ ಹತ್ತಿರ ಒಂದು ಬೆರಳು ಸಂದಿ ಕಾಣುತ್ತಿತ್ತು. ಅದು ಕಾಣದಿರಲಿ ಎಂದು ಮುಂಭಾಗವನ್ನೇ ಇಳಿಸಿದ್ದ.

"ನೋಡೋರ ಕಣ್ಗೆ ಚೆಂದ ಇರ್ಬೇಕಲ್ವಾ ಸಾ" ಎಂದ.

ರಘೂತ್ತಮ ದನಿ ಎತ್ತಲಿಲ್ಲ. ತರಗತಿಯಲ್ಲಿ ವಾಕ್ಯ ಬರೆಸುವ ಹಾಗೆ ಬಿಡಿಬಿಡಿಯಾಗಿ ಹೇಳಿದ.

"ನಂಜೇಶ್, ನೀವು ಕೆಲಸ ಗೊತ್ತಿಲ್ಲದೆ ಕೆಡಿಸಿದ್ದರೆ ನಾನು ಮಾತಾಡ್ತಿರಲಿಲ್ಲ. ಗೊತ್ತಿದ್ದು ಕೆಡಿಸಿ, ಬಣ್ಣ ಹೊಡೆದು, ಇನ್ನೊಬ್ಬರ ಹೆಸರು ಹೇಳಿದಿರಿ. ನಿಮಗಿಂತ ನನ್ನ ಎಂಟನೇ ಕ್ಲಾಸಿನ ಹುಡುಗರು ಮೇಲು. ಅವರು ಕಾಪಿ ಹೊಡೆದು ಸಿಕ್ಕಿಬಿದ್ದರೆ ತಲೆಯಾದರೂ ತಗ್ಗಿಸ್ತಾರೆ."

ರಘೂತ್ತಮ ಶೆಡ್ಡಿನ ಸ್ಟೂಲ್ ಎಳೆದುಕೊಂಡು ಜೀಪಿನ ಪಕ್ಕವೇ ಕೂತ. ಇವತ್ತು ಇಲ್ಲಿಂದ ಗಾಡಿ ಸರಿಯಾಗಿಯೇ ಹೋಗಬೇಕು ಎಂದ.

ಕೆಲಸ ಶುರುವಾಯಿತು. ನಂಜೇಶ ಬಾಡಿಯ ಬೋಲ್ಟುಗಳನ್ನೆಲ್ಲ ಸಡಿಲಿಸಿ, ಮುಂದುಗಡೆಗೆ ಜಾಕಿ ಕೊಟ್ಟು ಎತ್ತಿದ. ಅಕ್ಕಿ ಗಿರಣಿಯಿಂದ ತಂದಿಟ್ಟಿದ್ದ ಹಳೇ ಬೆಲ್ಟಿನಲ್ಲಿ ಚೌಕ ಚೌಕ ತುಂಡು ಕತ್ತರಿಸಿ, ಮೂವತ್ತು ಮಿಲಿಮೀಟರ್ ಆಗುವವರೆಗೆ ಒಂದರ ಮೇಲೊಂದು ಇಟ್ಟ. ರಘೂತ್ತಮ ಪ್ರತಿಯೊಂದಕ್ಕೂ ಅಡಿಪಟ್ಟಿ ಹಿಡಿದ. ಬಾಡಿ ಮೇಲೇರಿದಂತೆ ತೂತಿನ ಮೇಲಂಚು ಕೊಳವೆಯನ್ನು ಬಿಟ್ಟಿತು. ಬ್ರಾಕೆಟ್ಟು ತಾನಾಗಿ ಮೇಲೆ ಬಂದು ಕೊಳವೆಯ ಹತ್ತಿರ ನಿಂತಿತು. ಇನ್ನೂ ಒಂದು ಕಡ್ಡಿಯಷ್ಟು ಅಂತರ ಉಳಿದಿತ್ತು.

ಅದನ್ನು ಬೋಲ್ಟು ಬಿಗಿದು ಎಳೆದುಕೊಳ್ಳಬಹುದಿತ್ತು. ನಂಜೇಶ ಎಳೆಯಲಿಲ್ಲ. ಇಲ್ಲಿ ಅವನ ಕೈ ನಿಧಾನವಾಯಿತು. ಜೀಪಿನ ಕೆಳಗೆ ಹೋಗಿ ಸ್ಟೇರಿಂಗ್ ಬಾಕ್ಸಿನ ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸಿದ. ಮೇಲೆ ಬಂದು ಬ್ರಾಕೆಟ್ಟಿನ ಬೋಲ್ಟನ್ನು ಕೈಬೆರಳಲ್ಲೇ ಕೂರಿಸಿದ. ಚಕ್ರವನ್ನು ಆ ಕಡೆ ಈ ಕಡೆ ನಾಲ್ಕು ಸಲ ತಿರುಗಿಸಿ, ಕೊಳವೆ ಎಲ್ಲಿ ಕೂರಬೇಕೋ ಅಲ್ಲಿ ಕೂರಲು ಬಿಟ್ಟ. ಕೆಳಗೆ ಬಾಕ್ಸು ಉಗುರಿನಷ್ಟು ಸರಿಯಿತು. ಮೊದಲು ಬಾಕ್ಸನ್ನು ಬಿಗಿದು, ಕೊನೆಗೆ ಬ್ರಾಕೆಟ್ಟು ಬಿಗಿದ. ರಘೂತ್ತಮ ಒಂದೇ ಬೆರಳಲ್ಲಿ ಚಕ್ರ ತಿರುಗಿಸಿ ನೋಡಿದ. ಎಲ್ಲೂ ಕಚ್ಚಲಿಲ್ಲ. ಇಷ್ಟು ಚೆನ್ನಾಗಿ ಕೆಲಸ ಬಲ್ಲವನು ಇಷ್ಟು ಕೆಟ್ಟದಾಗಿ ಮಾಡಿಕೊಟ್ಟನಲ್ಲ ಎಂದು ಅವನಿಗೆ ಇನ್ನೂ ಹೇಸಿಗೆಯಾಯಿತು.

ನಂಜೇಶ ಎಣ್ಣೆಗೈಯಲ್ಲೇ ಹಣೆ ಒರೆಸಿಕೊಂಡ. "ಬಾಕ್ಸು ಸರಿದಿದ್ದು ನೋಡುದ್ರಾ ಸಾ? ಸೊಟ್ಟ ಕೂತಿತ್ತು ಅಂತ ನಾ ಏಳ್ನಿಲ್ವಾ? ಬೋರಯ್ಯಂಗೆ ಏಳಿ."

ನಾನು ಯಾರಿಗೂ ಏನೂ ಹೇಳಲ್ಲ, ಪೋಸ್ಟ್‌ಮ್ಯಾನ್ ಕೆಲಸ ಬಿಟ್ಟಾಯಿತು ಎಂದು ರಘೂತ್ತಮ ಗಾಡಿ ಹತ್ತಿದ. ಬಾನೆಟ್ಟಿನ ಹತ್ತಿರ ಒಂದು ಬೆರಳು ಸಂದಿ ಢಾಳಾಗಿ ಕಾಣುತ್ತಿತ್ತು. ಅದನ್ನು ಮುಚ್ಚಿಕೊಡುತ್ತೇನೆ ಎಂದು ನಂಜೇಶ ಹಿಂದಿನಿಂದ ಹೇಳಿದ್ದಕ್ಕೆ ತಿರುಗಿ ನೋಡಲಿಲ್ಲ.

ಮುಂದಿನ ಭಾನುವಾರ ಅವನು ಪ್ರಿಯಂವದಾಳನ್ನು ಕೂರಿಸಿಕೊಂಡು ನರಸೀಪುರಕ್ಕೆ ಹೋದ. ಅಲ್ಲಿನ ನದಿಗಳ ಸಂಗಮ ನೋಡಿಕೊಂಡು ಬರೋಣ ಅಂದಿದ್ದ. ಗಾಡಿ ಮಾತ್ರ ನೇರ ಬೋರಯ್ಯನ ಶೆಡ್ಡಿನ ಮುಂದೆ ಹೋಗಿ ನಿಂತಿತು. ಬೋರಯ್ಯ ಬಂದು ಬೆರಳಲ್ಲಿ ಚಕ್ರ ತಿರುಗಿಸಿದ, ಬಗ್ಗಿ ರಬ್ಬರು ನೋಡಿದ, ತಲೆಯಾಡಿಸಿದ. ಆಮೇಲೆ ಅವನ ಕಣ್ಣು ಬಾಕ್ಸಿನ ಬೋಲ್ಟುಗಳ ಮೇಲೆ ನಿಂತಿತು. ಸ್ಪ್ಯಾನರ್ ಬಿದ್ದ ಹೊಸ ಗುರುತು ಅಲ್ಲಿತ್ತು. ಬಾಕ್ಸು ಸಡಿಲಿಸಿದ್ದನಾ, ಸರಿಯಿತಾ ಎಂದು ಕೇಳಿದ.

"ನನಗೆ ಗೊತ್ತು. ಹೇಳಲ್ಲ" ಎಂದ ರಘೂತ್ತಮ.

ಬೋರಯ್ಯನ ಮುಖ ಚಿಕ್ಕದಾಯಿತು. ಎಷ್ಟು ಸರಿಯಿತು, ಎಡಕ್ಕಾ ಬಲಕ್ಕಾ, ಕೂದಲೆಳೆಯಷ್ಟಾ ಉಗುರಿನಷ್ಟಾ ಎಂದು ಜೀಪಿನ ಪಕ್ಕದಲ್ಲಿ ನಡೆಯುತ್ತಾ ಕೇಳಿದ. ರಘೂತ್ತಮ ಗೇರ್ ಹಾಕಿ ಹೊರಟ. ಹಿಂದೆ ಕಾಣುವ ಕನ್ನಡಿಯಲ್ಲಿ ಬೋರಯ್ಯ ರಸ್ತೆ ಮಧ್ಯೆ ನಿಂತೇ ಇದ್ದ. ರಘೂತ್ತಮ ಆ ಕನ್ನಡಿಯನ್ನು ಎರಡು ಸಲ ನೋಡಿ ನಕ್ಕ.

"ನೀವು ಹೀಗೆ ನಗ್ತಿರಲಿಲ್ಲ" ಎಂದಳು ಪ್ರಿಯಂವದಾ. ಸಂಗಮದಲ್ಲಿ ಅವಳು ಅವನಿಂದ ನಾಲ್ಕು ಮೆಟ್ಟಿಲು ಆಚೆ ಕೂತಳು.

ಅವನಿಗೆ ಆ ಮಾತು ತಾಕಲಿಲ್ಲ. ಅವರಿಬ್ಬರೂ ತಿರಸ್ಕಾರಕ್ಕೇ ಯೋಗ್ಯರು, ಕೊಡಬೇಕಾದ್ದನ್ನು ಕೊಟ್ಟೆ ಅಂದುಕೊಂಡ. ತಾಕಿದ್ದು ಬುಧವಾರ, ಸ್ಟಾಫ್ ರೂಮಿನಲ್ಲಿ. ವಿಜ್ಞಾನ ಹೇಳಿಕೊಡಲು ಹೊಸದಾಗಿ ಬಂದಿದ್ದ ಗಾನವಿ ಎಂಬ ಟೀಚರು ಜೀಪು ನೋಡಿ ಖುಷಿಪಟ್ಟು, ಅದಕ್ಕೆ ಏನಾಗಿತ್ತು ಸರ್, ಹೇಗೆ ಸರಿಹೋಯಿತು ಎಂದು ಕೇಳಿದಳು. ಅವನು ಉತ್ತರ ಪತ್ರಿಕೆಯಿಂದ ತಲೆ ಎತ್ತದೆ, ಬಿಡಿ, ನಿಮಗೆ ಅರ್ಥ ಆಗೋದಲ್ಲ ಎಂದುಬಿಟ್ಟ. ಆ ಹುಡುಗಿ ಸಾರಿ ಸರ್ ಎಂದು ಹೇಳಿ ತನ್ನ ಜಾಗಕ್ಕೆ ಹೋಗಿ ಕೂತಳು.

ತಪ್ಪಿಲ್ಲದವರು ಸಾರಿ ಹೇಳುವುದು ಹೇಗಿರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಅವನು ಅರ್ಧ ಗಂಟೆ ಒಂದೇ ಪತ್ರಿಕೆ ಹಿಡಿದುಕೊಂಡು ಕೂತಿದ್ದ. ಆಮೇಲೆ ಎದ್ದು ಹೋಗಿ, ಅವಳ ಮೇಜಿನ ಮೇಲೆ ಒಂದು ಕಾಗದ ಹರಡಿ ಚಾಸಿ, ಬಾಡಿ, ಓರೆ ಕೊಳವೆ ಬರೆದು, ಯಾವುದು ಎಷ್ಟು ಬಾಗಿತ್ತು ಎಂದು ಮೊದಲಿನಿಂದ ಹೇಳಿದ. ಗಾನವಿಗೆ ಎಲ್ಲ ಅರ್ಥವಾಯಿತು. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಇಷ್ಟು ಚಿಕ್ಕ ವಿಷಯ, ಗೊತ್ತಿದ್ದೂ ಅವರು ಯಾಕೆ ಸರ್ ಹೇಳಲಿಲ್ಲ?"

ತಾನೂ ಗೊತ್ತಿದ್ದು ಹೇಳದೆ ಬಂದದ್ದು ನೆನಪಾಗಿ, ಸಾಯಂಕಾಲ ರಘೂತ್ತಮ ಅಂಗಳದಲ್ಲಿ ನಿಂತು ಬೋರಯ್ಯನಿಗೆ ಫೋನು ಮಾಡಿದ. ಬಾಕ್ಸು ಸರಿದದ್ದು ನಿಜ, ಎಡಕ್ಕೆ, ಉಗುರಿನಷ್ಟು, ಅದರಲ್ಲಿ ಅಷ್ಟು ನಿಮ್ಮ ತಪ್ಪೂ ಇತ್ತು ಎಂದು ಹೇಳಿದ.

"ಅದು ನಂಜೇಶನ ಕೈ ಬಿದ್ ಮೇಲೆ ಸರ್ದಿರೋದು ಸಾ" ಎಂದು ಬೋರಯ್ಯ ಫೋನು ಇಟ್ಟ.

ರಘೂತ್ತಮನಿಗೆ ಮತ್ತೆ ಅದೇ ನಗು ಬರುವುದರಲ್ಲಿತ್ತು. ತಡೆದುಕೊಂಡ. ಪೂರ್ತಿ ತಡೆಯಲು ಆಗಲಿಲ್ಲ. ಒಳಗೆ ಹೋಗಿ, ಪ್ರಿಯಂವದಾ ಸೊಪ್ಪು ಬಿಡಿಸುತ್ತಾ ಕೂತಿದ್ದ ಮೊರದ ಎದುರು ತಾನೂ ಕೂತು ಒಂದು ಕಟ್ಟು ಬಿಚ್ಚಿಕೊಂಡ.